ಉಸಿರುತೂತಿಲ್ಲದ ಹಡಗು

ಬಹಳ ಬಹಳ ಹಿಂದೆ, ಕಡಲು ಇನ್ನೂ ಇಷ್ಟು ಉಪ್ಪಾಗದಿದ್ದ ಕಾಲದಲ್ಲಿ, ತೆರೆಗುಂದವೆಂಬ ರಾಜ್ಯದಲ್ಲಿ ದೂಮಣ್ಣನೆಂಬ ತರುಣನಿದ್ದ. ಅರಮನೆಯ ಬೆಲ್ಲದ ಕೊಠಡಿಗೆ ಇರುವೆ ನುಗ್ಗದಂತೆ ಕಾಯುವುದು ಅವನ ಕೆಲಸ. ಇರುವೆಗಳಿಗೂ ಬುದ್ಧಿಯಿತ್ತು, ಅವನು ಕಣ್ಣು ಬಿಟ್ಟುಕೊಂಡು ಕೂತಿರುವಾಗ ಅವು ಬರುತ್ತಿರಲಿಲ್ಲ. ಹೀಗಾಗಿ ದಿನವಿಡೀ ಅವನಿಗೆ ಮಾಡಲು ಏನೂ ಇರುತ್ತಿರಲಿಲ್ಲ. ಅವನ ಕೈಗಳೋ ಸುಮ್ಮನಿರುವ ಜಾತಿಯವಲ್ಲ. ಕಂಬ ಸಿಕ್ಕಿದರೆ ಕೆರೆಯುವವು, ಚಾಪೆ ಸಿಕ್ಕಿದರೆ ಎಳೆ ಬಿಚ್ಚಿ ಮತ್ತೆ ಹೆಣೆಯುವವು. "ಇವನ ಕೈಗೆ ಎಂತಾದರೂ ಕೊಡಿ ಮಾರಾಯ್ರೆ, ಇಲ್ಲದಿದ್ದರೆ ಅರಮನೆಯನ್ನೇ ಬಿಚ್ಚಿ ಇಡ್ತಾನೆ" ಎಂದು ಅಡುಗೆಯವರು ನಗುತ್ತಿದ್ದರು.

ಕೊನೆಗೆ ಆ ಕೈಗಳಿಗೆ ಸಿಕ್ಕಿದ್ದು ಪುಟ್ಟ ಪುಟ್ಟ ಮರದ ಹಡಗುಗಳು. ಮೊಳದುದ್ದದ ಹಡಗಿಗೆ ಉಗುರಿನಷ್ಟಗಲದ ಹಲಗೆ ಜೋಡಿಸಿ, ನೂಲಿನ ಹಗ್ಗ ಬಿಗಿದು, ಹಳೆಯ ಪಂಚೆಯ ಪಟ ಕಟ್ಟುತ್ತ ಕೂತರೆ ಅವನಿಗೆ ಊಟದ ನೆನಪೂ ಇರುತ್ತಿರಲಿಲ್ಲ.

ಕೆಲಸ ಕಲಿಸಿದವರು ಹಡಗುಕಟ್ಟೆಯ ಹಿರಿಯ ಬಡಗಿ ಮಂಚಾಚಾರಿ. ಅವರು ಮೊದಲ ದಿನವೇ ಒಂದು ಕಟ್ಟಳೆ ಹಾಕಿದ್ದರು. ಪುಟ್ಟ ಹಡಗಿನ ಹೊಟ್ಟೆಯಡಿ ಒಂದು ಮೊಳೆಯ ತೂತನ್ನು ಖಾಲಿ ಬಿಡಲೇಬೇಕು. ತೆರೆಗುಂದದಲ್ಲಿ ಅದಕ್ಕೆ ಉಸಿರುತೂತು ಎಂದು ಹೆಸರು. ಯಾಕೆ ಎಂದು ಕೇಳಿದರೆ, "ಬಿಡಬೇಕು ಅಂದರೆ ಬಿಡಬೇಕು. ನಿನ್ನದು ಅಧಿಕಪ್ರಸಂಗ ಬೇಡ" ಎನ್ನುತ್ತಿದ್ದರು. ದೂಮಣ್ಣನಿಗೆ ಕಾರಣ ಗೊತ್ತಿಲ್ಲದ ಮಾತು ಮೈಮೇಲೆ ಬಿದ್ದ ನೊಣದ ಹಾಗೆ.

ದೂಮಣ್ಣನಿಗೆ ಈ ಲೋಕದಲ್ಲಿ ತನ್ನವಳೆಂದು ಇದ್ದವಳು ಅಕ್ಕ ಸಂಕಮ್ಮ ಒಬ್ಬಳೇ. ತಾಯಿ ಸತ್ತ ಮೇಲೆ ಅವನನ್ನು ಎತ್ತಿ ಆಡಿಸಿ ಸಾಕಿದವಳು ಅವಳು. ಈಗ ಬಿಳಿಕೊಕ್ಕರೆ ಎಂಬ ಹಡಗಿಗೆ ತಂಡೇಲ ಆಗಿದ್ದಳು. ಚುಕ್ಕಾಣಿ ಅವಳ ಕೈಯಲ್ಲಿ, ನಲವತ್ತು ಜನ ಅವಳ ಮಾತಿನಲ್ಲಿ. ಆ ಹಡಗಿನ ಪಡಿಯಚ್ಚನ್ನು ದೂಮಣ್ಣ ಮೂರು ವರ್ಷದಿಂದ ಕಟ್ಟುತ್ತಿದ್ದ. ಅಕ್ಕ ದಡಕ್ಕೆ ಬಂದಾಗಲೆಲ್ಲ ದಾರ ಹಿಡಿದು ಹಡಗಿನ ತುಂಬ ಓಡಾಡಿ ಅಳೆದು ಬರುತ್ತಿದ್ದ. ಒಲೆಯ ಪಕ್ಕ ಸುಟ್ಟ ಹಲಗೆಯ ಕಲೆ, ನೀರಿನ ಬಾನಿಗೆ ಇಲಿ ಕಡಿದ ಗುರುತು, ಒಂದನ್ನೂ ಬಿಟ್ಟಿರಲಿಲ್ಲ.

ಒಂದು ಮಧ್ಯಾಹ್ನ ಆ ಹಡಗು ಮುಗಿದೇಹೋಯಿತು. ಸಾಸಿವೆಯಷ್ಟು ದಪ್ಪದ ಮೂರು ಒಲೆಕಲ್ಲು ಕೂರಿಸಿದ ಮೇಲೆ ಮಾಡಲು ಏನೂ ಉಳಿಯಲಿಲ್ಲ. ಅಕ್ಕ ಬರಲು ಇನ್ನೂ ಎಂಟು ದಿನವಿತ್ತು. ದೂಮಣ್ಣ ಎದ್ದ, ಕೂತ, ಮತ್ತೆ ಎದ್ದ. ಹಡಗನ್ನು ತಿರುಗಿಸಿ ನೋಡಿದ. ಹೊಟ್ಟೆಯಡಿಯ ಆ ತೂತು ಅವನನ್ನೇ ನೋಡುತ್ತಿತ್ತು. ಅಳತೆ ಸರಿಹೋಗುತ್ತದೋ ಇಲ್ಲವೋ ನೋಡೋಣ ಎಂದು ಜೀರಿಗೆಯಷ್ಟು ದೊಡ್ಡ ಒಂದು ಮೊಳೆ ಕೆತ್ತಿದ. ತೂತಿನ ಬಾಯಿಗಿಟ್ಟ. ಹೆಬ್ಬೆರಳು ತನ್ನಷ್ಟಕ್ಕೆ ಒತ್ತಿತು. ಟಕ್ಕನೆ ಒಳಗೆ ಹೋಯಿತು. ಎಂಥ ಚೆಂದ ಕೂತಿತೆಂದರೆ ಅವನಿಗೆ ಖುಷಿಯಾಯಿತು, ನಾಚಿಕೆ ಆಮೇಲೆ ಬಂತು.

ಗಾಳಿಯಿಲ್ಲದ ಕೋಣೆಯಲ್ಲಿ ಪುಟ್ಟ ಪಟ ಉಬ್ಬಿತು. ಉಬ್ಬಿ ಹಾಗೆಯೇ ನಿಂತಿತು. ಹಲಗೆಗಳ ಮೇಲೆ ಉಪ್ಪುನೀರು ಬೆವರಿತು. ಸಾಸಿವೆಗಾತ್ರದ ಆ ಒಲೆಯಿಂದ ನೂಲಿನಂಥ ಹೊಗೆ ಬೆರಳುದ್ದ ಎದ್ದು ಕದಲದೆ ನಿಂತಿತು. ಅದರಲ್ಲಿ ಅಕ್ಕ ಮಾಡುವ ಬಂಗುಡೆ ಸಾರಿನ ಪರಿಮಳವಿತ್ತು. ದೂಮಣ್ಣ ಕೈಚಾಚುವಷ್ಟರಲ್ಲಿ ಕಿಟಕಿಯಿಂದ ಒಂದು ಕಡಲಹದ್ದು ನುಗ್ಗಿ, ಹಡಗನ್ನು ಕಚ್ಚಿಕೊಂಡು ಪಡುವಣಕ್ಕೆ ಹಾರಿಹೋಯಿತು.

ದೂಮಣ್ಣ ಓಡಿದ. ಮಂಚಾಚಾರಿ ಅವನ ಮುಖ ನೋಡಿಯೇ ಉಳಿ ಕೆಳಗಿಟ್ಟರು.

"ತೂತು ಮುಚ್ಚಿದೆಯಾ?"

"ಮುಚ್ಚಿದೆ, ಆಚಾರ್ರೇ."

"ಎಂತ ಮಾಡಿದೆ ಮಾರಾಯ! ಏನೂ ಕೊರತೆಯಿಲ್ಲದ ಪಡಿಯಚ್ಚು ಹಡಗೇ ಆಗಿಬಿಡ್ತದೆ. ಪುಟ್ಟದು ಕಪಾಟಿನಲ್ಲಿ ನಿಂತರೆ ದೊಡ್ಡದು ಕಡಲಲ್ಲಿ ನಿಲ್ತದೆ. ಅಂಥದ್ದನ್ನೇ ಹದ್ದು ಕಳಿಸಿ ತರಿಸಿ ಕೂಡಿಡುವವನು ಒಬ್ಬ ಇದ್ದಾನೆ. ಶಂಖದ್ವೀಪದ ಮಾಯಾವಿ ಓರಣಯ್ಯ."

"ಮೊದಲೇ ಹೇಳಬಹುದಿತ್ತಲ್ಲ!"

"ಹೇಳಿದ್ದರೆ ನಿಜವಾ ಅಂತ ನೋಡಲಿಕ್ಕೆ ಮೊದಲ ದಿನವೇ ಮುಚ್ಚುತ್ತಿದ್ದೆ" ಎಂದರು ಆಚಾರಿ.

ಉಳಿ, ಬೈರಿಗೆ, ಒಂದು ಗಂಟು ಅವಲಕ್ಕಿ ಕಟ್ಟಿಕೊಂಡು ಅವನು ದೋಣಿ ಹತ್ತಿದ. ಹದ್ದು ಹೋದ ಪಡುವಣಕ್ಕೇ ಮೂರು ಹಗಲು ಹುಟ್ಟು ಹಾಕಿದ. ನಾಲ್ಕನೆಯ ಬೆಳಿಗ್ಗೆ ಶಂಖದ್ವೀಪ ಕಂಡಿತು.

ದಡದಲ್ಲೇ ಒಂದು ಏಡಿ ದಾರಿಗಡ್ಡವಾಗಿ ಕೂತಿತ್ತು. ಎತ್ತಿನ ಗಾಡಿಯಷ್ಟು ದೊಡ್ಡದು. ಹಳೆಯ ಚಿಪ್ಪು ಕಳಚಿ ಪಕ್ಕದಲ್ಲಿ ಬಿದ್ದಿತ್ತು, ಹೊಸ ಬೆನ್ನು ಇನ್ನೂ ಬೆಣ್ಣೆಯ ಹಾಗೆ ಮೆತ್ತಗಿತ್ತು.

"ನನ್ನ ಚಿಪ್ಪು ಗಟ್ಟಿಯಾಗುವ ತನಕ ಇಲ್ಲಿ ಯಾರೂ ಅಲುಗಾಡಬಾರದು" ಎಂದಿತು ಏಡಿ. "ಅಲುಗಾಡಿದರೆ ಕತ್ತರಿಸ್ತೇನೆ. ಆಮೇಲೆ ನಾನೇ ದಾರಿ ಬಿಡ್ತೇನೆ."

"ಎಷ್ಟು ಹೊತ್ತು?"

"ಸಂಜೆಯವರೆಗೆ."

ಇವನಿಗೋ ಒಂದು ಗಳಿಗೆ ಕೂರುವುದೇ ಕಷ್ಟ. ಮೊಣಕಾಲು ತುರಿಸಿತು, ಕಿವಿಯ ಹಿಂದೆ ಬೆವರಿಳಿಯಿತು. ಅಕ್ಕ ಅಲ್ಲಿ ಏನಾಗಿದ್ದಾಳೋ ಎಂಬ ಯೋಚನೆ ಕಾಲನ್ನು ಎಳೆಯುತ್ತಿತ್ತು. ಎರಡೂ ಕೈಗಳನ್ನು ಕುಂಡೆಯಡಿ ಹಾಕಿ ಅವುಡುಗಚ್ಚಿ ಕೂತ. ಸೂರ್ಯ ಇಳಿಯುವಾಗ ಏಡಿಯ ಬೆನ್ನು ಕಟಕಟ ಎಂದು ಗಟ್ಟಿಯಾಯಿತು. "ಹೋಗು" ಎಂದಿತು. ಅವನಿಗೆ ಕಾಲು ಜೋಮು ಹಿಡಿದು ಏಳಲಿಕ್ಕೇ ಆಗಲಿಲ್ಲ. ಬೆಳಗಾಗುವ ತನಕ ಅಲ್ಲೇ ಬಿದ್ದುಕೊಂಡ.

ಮರುದಿನ ಮುಂದೆ ಹೋದರೆ ಒಂದು ಹಿನ್ನೀರು, ಅದರಾಚೆ ಓರಣಯ್ಯನ ಶಂಖದ ಮನೆ. ಈಚೆಯ ಮರಳಿನ ಮೇಲೆ ಚೆಂದದ ಒಂದು ದೋಣಿ. ಅದಕ್ಕೆ ಒಂದೇ ಒಂದು ಹಲಗೆ ಬಾಕಿ. ಹಲಗೆ ಪಕ್ಕದಲ್ಲೇ ಇತ್ತು, ಮೊಳೆಗಳೂ ಇದ್ದವು. ಸುತ್ತ ಏಳು ಬಡಗಿಗಳು ಸುತ್ತಿಗೆ ಎತ್ತಿದವರು ಎತ್ತಿದ ಹಾಗೆಯೇ ನಿಂತಿದ್ದರು, ಕಣ್ಣು ಮಿಟುಕಿಸುತ್ತಿರಲಿಲ್ಲ. ಅವರೆಲ್ಲ ಆ ಹಲಗೆಯನ್ನು ಬಡಿಯಹೋಗಿ ನಿಂತವರು. ಒಬ್ಬೊಬ್ಬರು ನಿಂತ ಮೇಲೂ ಹಲಗೆ ತಾನಾಗಿ ಕಳಚಿ ಬಿದ್ದು ಮುಂದಿನವನಿಗೆ ಕಾಯುತ್ತಿತ್ತು. ದೂಮಣ್ಣನಿಗೆ ಇದೆಲ್ಲ ಅರ್ಥವಾಯಿತು. ಆದರೂ ಕೈ ಹಲಗೆಯ ಕಡೆಗೇ ಹೋಯಿತು. ಅದನ್ನು ಎತ್ತಿ ಜಾಗಕ್ಕೆ ಹಿಡಿದ. ಬೆರಳತುದಿ ಜಡವಾಗತೊಡಗಿದ್ದೇ ತಡ, "ಥೂ ನನ್ನ ಬುದ್ಧಿಗೆ!" ಎಂದು ಹಲಗೆಯನ್ನು ಕಿತ್ತುಕೊಂಡು, ಅದರ ಮೇಲೆಯೇ ಬೋರಲು ಮಲಗಿ ಕೈಯಲ್ಲಿ ನೀರು ತಳ್ಳುತ್ತ ಹಿನ್ನೀರು ದಾಟಿದ.

ಓರಣಯ್ಯನ ಮನೆಯಲ್ಲಿ ಒಂದು ಧೂಳಿನ ಕಣವೂ ಇರಲಿಲ್ಲ. ಗೋಡೆಯುದ್ದಕ್ಕೂ ಕಪಾಟು, ಕಪಾಟಿನ ತುಂಬ ಹಡಗು. ನೂರಕ್ಕೆ ಒಂದೂ ಕಡಿಮೆಯಿಲ್ಲ. ಎಲ್ಲದರ ಪಟವೂ ಉಬ್ಬಿತ್ತು, ಒಂದೂ ಅಲ್ಲಾಡುತ್ತಿರಲಿಲ್ಲ. ಕೊನೆಯದು ಬಿಳಿಕೊಕ್ಕರೆ. ಮಡಿಕೆ ಮುರಿಯದ ಬಿಳಿ ಪಂಚೆಯುಟ್ಟ ಓರಣಯ್ಯ ಅದನ್ನು ರೇಷ್ಮೆಬಟ್ಟೆಯಿಂದ ಒರೆಸುತ್ತಿದ್ದ.

"ಬಂದೆಯಾ? ಬಹಳ ಚೆಂದ ಮಾಡಿದ್ದೀ. ಕಾಲು ಒರೆಸಿಕೊಂಡು ಬಾ."

"ನನ್ನ ಅಕ್ಕನನ್ನು ಬಿಡಿ ಸ್ವಾಮಿ."

"ನಾನು ಹಿಡಿದದ್ದು ಎಲ್ಲಿ? ನೀನೇ ಮುಗಿಸಿದೆ, ಅದು ನಿಂತಿತು. ಈಗ ಆ ತೂತು ಹುಡುಕಿದರೂ ಸಿಗ್ಲಿಕ್ಕಿಲ್ಲ, ಮರದೊಳಗೆ ಮರ ಸೇರಿಹೋಗಿದೆ." ಓರಣಯ್ಯ ಪಕ್ಕಕ್ಕೆ ಸರಿದು ನಿಂತು ನಕ್ಕ. "ಒಂದು ಕೊರತೆ ಮಾಡಿದರೆ ಅದು ಹೊರಡ್ತದೆ. ಮಾಡು, ನಾನು ಅಡ್ಡ ಬರುವುದಿಲ್ಲ. ಇಲ್ಲಿ ಎಂತ ಮುರೀತೀಯೋ ಅಲ್ಲಿಯೂ ಅದೇ ಮುರೀತದೆ. ಇಲ್ಲಿಗೆ ಬಂದವರೆಲ್ಲ ಅಷ್ಟಕ್ಕೇ ಅಳುತ್ತ ವಾಪಸು ಹೋದರು."

ದೂಮಣ್ಣ ಉಳಿ ಹಿಡಿದು ಹಡಗಿನ ಮುಂದೆ ಕೂತ. ಪಟದ ಕಂಬ ಮುರಿದರೆ ಗಾಳಿಗೆ ಸಿಕ್ಕಿದ ಪಟ ಕೆಳಗಿದ್ದವರ ಮೇಲೆ ಬೀಳುತ್ತದೆ. ಚುಕ್ಕಾಣಿ ಕಿತ್ತರೆ ಅಕ್ಕ ಬಂಡೆಗಳ ನಡುವೆ ಹೇಗೆ ಬಂದಾಳು? ಲಂಗರು ತೆಗೆದರೆ? ನೀರಿನ ಬಾನಿ ತೆಗೆದರೆ? ಮೂರು ವರ್ಷದಿಂದ ಒಂದೊಂದನ್ನೂ ಮುದ್ದು ಮಾಡಿ ಜೋಡಿಸಿದ್ದ ಅವನಿಗೆ ಈಗ ಒಂದೊಂದೂ ಯಾರದೋ ಜೀವ ಹಿಡಿದು ನಿಂತಂತೆ ಕಂಡಿತು. ಉಳಿ ಕೆಳಗಿಟ್ಟ. ಎತ್ತಿದ. ಮತ್ತೆ ಇಟ್ಟ. ಅವನಿಗೆ ಅಳು ಬಂತು. ಓರಣಯ್ಯ ಪಂಚೆಯ ಮಡಿಕೆ ಸರಿಮಾಡಿಕೊಂಡ.

ಆಗ ದೂಮಣ್ಣನಿಗೆ ಹೊಳೆಯಿತು. ಮುರಿದರೆ ಕಟ್ಟಲು ಹೊತ್ತು ಬೇಕು, ನೀರು ಒಸರಿದರೆ ಮೊಗೆದು ಹಾಕಬಹುದು. ನಲವತ್ತೊಂದು ಜನರ ಕೈ ಉಂಟು ಅಲ್ಲಿ. ಆದರೆ ಒಸರಿದ್ದು ಕೂಡಲೇ ಕಣ್ಣಿಗೆ ಬೀಳಬೇಕು. ಸರಕಿನ ಕೆಳಗೆ ಕೊರೆದರೆ ಹಡಗು ಅರ್ಧ ಮುಳುಗಿದ ಮೇಲೇ ಗೊತ್ತಾಗುವುದು. ಹಡಗಿನಲ್ಲಿ ಯಾವ ಹೊತ್ತಿಗೂ ಯಾರಾದರೊಬ್ಬರು ಇರುವ ಜಾಗ ಯಾವುದು? ಕೆಳಗಿನ ಒಲೆಯ ಕಟ್ಟೆ. ಆ ಹೊಗೆ ಎದ್ದ ಕ್ಷಣದಲ್ಲಿ ಅಲ್ಲಿ ಬಂಗುಡೆ ಸಾರು ಕುದಿಸುತ್ತಿದ್ದವಳು ಅಕ್ಕನೇ.

ಅವನು ಹಡಗನ್ನು ಮಗುಚಿ, ಒಲೆಯ ನೇರಕ್ಕೆ ಬೈರಿಗೆಯ ಮೊನೆ ಇಟ್ಟ. "ಅಕ್ಕಾ, ಬೇಗ ನೋಡು" ಎಂದು ಜೋರಾಗಿ ಕೂಗಿ ತಿರುಗಿಸಿದ.

ಉಪ್ಪುನೀರು ಪುಳಕ್ಕನೆ ಒಳಗೆ ಎದ್ದಿತು. ನಿಂತ ಹೊಗೆ ಕದಲಿತು. ಬಿಳಿಕೊಕ್ಕರೆ ಅವನ ಕೈಯಲ್ಲಿ ಒಮ್ಮೆ ಜಗ್ಗಿ ಮುಂದಕ್ಕೆ ಎಳೆಯಿತು.

"ಅಯ್ಯೋ, ತೂತು! ಮುಚ್ಚು, ಮುಚ್ಚು ಅದನ್ನು!" ಎಂದು ಓರಣಯ್ಯ ಕಿರುಚಿದ. ಅವನಿಗೆ ಕೊರತೆಯನ್ನು ಕಣ್ಣಲ್ಲಿ ನೋಡಲಾಗುತ್ತಿರಲಿಲ್ಲ. ಇದನ್ನು ಕಂಡದ್ದೇ ದೂಮಣ್ಣ ಕಪಾಟಿನುದ್ದಕ್ಕೂ ಓಡಿದ. ಪ್ರತಿ ಹಡಗಿಗೂ ಒಲೆಯ ಕೆಳಗೇ ಒಂದೊಂದು ತೂತು ಕೊರೆದ. ಓರಣಯ್ಯ ಹಿಂದಿನಿಂದ ಓಡೋಡಿ ಬಂದು ತೂತಿಗೊಂದು ಬೆರಳು ತುರುಕಿದ. ಹತ್ತು ಹಡಗಿಗೆ ಹತ್ತು ಬೆರಳು ಮುಗಿದವು. ಹನ್ನೊಂದನೆಯದಕ್ಕೆ ಮೂಗು ಇಟ್ಟ. ಅಷ್ಟರಲ್ಲಿ ಹಡಗುಗಳು ತಂತಮ್ಮ ಊರಿನ ದಿಕ್ಕಿಗೆ ಹೊರಟವು. ಹನ್ನೊಂದು ಹಡಗು ಹನ್ನೊಂದು ಕಡೆಗೆ ಎಳೆದಾಗ ಅವನ ಮಾಯೆ ಪರ್ರನೆ ಹರಿಯಿತು. ಓರಣಯ್ಯ ನಿಂತಿದ್ದ ಜಾಗದಲ್ಲಿ ಉಳಿದದ್ದು ಅಂಗೈಯಗಲದ ಒಂದು ನಕ್ಷತ್ರಮೀನು. ಪುಟ್ಟ ಹಡಗುಗಳು ಮತ್ತೆ ಬರೀ ಮರವಾಗಿ ಅಲ್ಲಲ್ಲೇ ಬಿದ್ದವು.

ದೂಮಣ್ಣ ಎಚ್ಚರಗೊಂಡ ಏಳು ಬಡಗಿಗಳನ್ನು ಕೂರಿಸಿಕೊಂಡು ಊರಿಗೆ ಹುಟ್ಟು ಹಾಕಿದ. ಬಂದರು ಮುಟ್ಟಿದವನು ಮನೆಗೆ ಹೋಗಲಿಲ್ಲ. ತೆರೆಗುಂದದ ಹಡಗುಗಳು ಒಂದೊಂದಾಗಿ ಬರತೊಡಗಿದವು. ಹತ್ತು ವರ್ಷದ ಹಿಂದೆ ಹೋದವು, ಇಪ್ಪತ್ತು ವರ್ಷದ ಹಿಂದೆ ಹೋದವು, ಎಲ್ಲವೂ ಸೋರುತ್ತ, ಜನ ಬಾಲ್ದಿಯಲ್ಲಿ ನೀರು ಚೆಲ್ಲುತ್ತ, ಬಂದವು. ದಡದಲ್ಲಿ ಅಪ್ಪಿಕೊಂಡು ಅಳುವವರೇ ಎಲ್ಲ. ಬಿಳಿಕೊಕ್ಕರೆ ಮಾತ್ರ ಇಲ್ಲ. ಮೊದಲ ದಿನ ಇಲ್ಲ. ಎರಡನೆಯ ದಿನವೂ ಇಲ್ಲ. ನಾನು ಕೊರೆದ ತೂತು ದೊಡ್ಡದಾಯಿತೋ ಏನೋ ಎಂದು ಅವನು ದಡದುದ್ದಕ್ಕೂ ಆ ತುದಿಯಿಂದ ಈ ತುದಿಗೆ ನಡೆದ. ಮಂಚಾಚಾರಿ ಒಂದು ಮರದ ತುಂಡು, ಒಂದು ಉಳಿ ತಂದುಕೊಟ್ಟರು. ಅವನ ಕೈಗೆ ಅದೂ ಬೇಡವಾಯಿತು.

ಮೂರನೆಯ ದಿನ ಮಟಮಟ ಮಧ್ಯಾಹ್ನ, ಒಂದು ಬದಿಗೆ ವಾಲಿಕೊಂಡು ಬಿಳಿಕೊಕ್ಕರೆ ಬಂತು. ಸಂಕಮ್ಮ ಮೊಣಕಾಲಿನವರೆಗೆ ಒದ್ದೆಯಾಗಿ, ಕೈಯಲ್ಲಿ ಬಾಲ್ದಿ ಹಿಡಿದೇ ಇಳಿದಳು.

"ನಿನ್ನ ಕೂಗು ಕೇಳಿಸಿತು. ನನ್ನ ಒಲೆಯಡಿ ತೂತು ಕೊರೆದವನು ನೀನಾ?"

"ಹೌದಕ್ಕಾ. ಮೊದಲು ಮುಚ್ಚಿದವನೂ ನಾನೇ."

ಕೆನ್ನೆಗೊಂದು ಬಿತ್ತು. ಆಮೇಲೆ ಅವಳು ಬಾಲ್ದಿ ಎಸೆದು ಅವನನ್ನು ಬಾಚಿ ಅಪ್ಪಿಕೊಂಡಳು.

"ಹಸಿವಿಲ್ಲ, ಬಾಯಾರಿಕೆಯಿಲ್ಲ, ರೆಪ್ಪೆ ಹೊಡೆಯಲಿಕ್ಕೂ ಆಗ್ಲಿಲ್ಲ ತಮ್ಮಾ. ಎಷ್ಟು ದಿನವೋ ಗೊತ್ತಿಲ್ಲ. ಸಾರು ಚೆಲ್ಲುವುದಿಲ್ಲ, ತೆರೆ ಬೀಳುವುದಿಲ್ಲ, ಎಲ್ಲ ಸರಿಯಾಗಿಯೇ ಇತ್ತು. ಅದಕ್ಕಿಂತ ದೊಡ್ಡ ಹೆದರಿಕೆ ನಾನು ಕಂಡದ್ದಿಲ್ಲ. ಆಮೇಲೆ ಪಾದಕ್ಕೆ ತಣ್ಣಗೆ ನೀರು ತಾಗಿತು ನೋಡು. ಅಯ್ಯೋ, ಮುಳುಗಿದೆವು ಅಂತ ಬೊಬ್ಬೆ ಹಾಕಿದೆ. ಬೊಬ್ಬೆ ಹಾಕಲಿಕ್ಕೆ ಆಯಿತಲ್ಲ ಮಾರಾಯ, ಅಂತ ಅಲ್ಲೇ ಕೂತು ನಕ್ಕೆ."

ಅಷ್ಟು ಹೇಳಿ ಅವಳು ಬಾಲ್ದಿ ಎತ್ತಿ ಅವನ ಕೈಗೆ ಕೊಟ್ಟಳು. "ಇನ್ನೂ ಸೋರ್ತಾ ಉಂಟು. ನಡಿ."

ದೂಮಣ್ಣ ಹಡಗು ಹತ್ತಿ ಸಂಜೆಯ ತನಕ ನೀರು ಮೊಗೆದ. ಆಮೇಲೆ ತೆರೆಗುಂದದ ಜನ ಹಡಗು ತೇಪೆ ಹಾಕುತ್ತ, ಮತ್ತೆ ಸೋರಿಸಿಕೊಳ್ಳುತ್ತ, ಒಬ್ಬರಿಗೊಬ್ಬರು ಬೈದುಕೊಳ್ಳುತ್ತ, ಬೈದದ್ದಕ್ಕೆ ಕರೆದು ಉಣ್ಣಿಸುತ್ತ, ಬಹುಕಾಲ ಸುಖವಾಗಿ ಬಾಳಿದರು.