ಹಳದಿ ನೀರಿನ ಬಾಟಲಿ

ಬಾಟಲಿ ಖಾಲಿಯಾಗಿತ್ತು.

ಚಿಣ್ಣಿ ತಾರಸಿಯ ಬಾಗಿಲಲ್ಲೇ ನಿಂತುಬಿಟ್ಟಳು. ಮೇಜಿನ ಮೇಲೆ ಇರಬೇಕಾಗಿದ್ದ ಬಾಟಲಿ ನೆಲದ ಮೇಲೆ ಉರುಳಿತ್ತು. ಅದರ ಪಕ್ಕದಲ್ಲಿ ಪುಟ್ಟ ತಮ್ಮ ಗುಂಡ ಕಾಲು ಚಾಚಿ ಕೂತಿದ್ದ.

"ಗುಂಡಾ, ಇದರಲ್ಲಿದ್ದಿದ್ದು ಎಲ್ಲೋ?"

"ಜೂಸು!" ಎಂದು ನಕ್ಕ ಗುಂಡ.

ಅದು ಜ್ಯೂಸ್ ಅಲ್ಲ. ಚಿಕ್ಕಮ್ಮನ ಚಿನ್ನ.

ಚಿಕ್ಕಮ್ಮ ಜೆರಾಕ್ಸ್ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದಳು. ರಜೆಯ ದಿನ ಮಾತ್ರ ವಿಜ್ಞಾನಿ. ಗುಜರಿಯಿಂದ ಹಳೆ ಕಂಪ್ಯೂಟರ್ ಬೋರ್ಡುಗಳನ್ನು ತಂದು, ಅವುಗಳ ಅಂಚಿನ ಚಿನ್ನದ ತೆಳು ಲೇಪವನ್ನು ಬಿಡಿಸಿ, ಆಸಿಡ್‌ನಲ್ಲಿ ಕರಗಿಸುತ್ತಿದ್ದಳು. ಕರಗಿದ ಚಿನ್ನ ಮಿನುಗುವುದಿಲ್ಲ, ಹಳದಿ ನೀರಿನ ಹಾಗೆ ಕಾಣುತ್ತದೆ.

"ಏನಮ್ಮಾ, ಚಿನ್ನ ಬಂತಾ, ಇಲ್ಲ ಬರೀ ಕೆಮ್ಮು ಬಂತಾ?" ಎಂದು ಅಪ್ಪ ರೇಗಿಸುತ್ತಿದ್ದರು.

"ಬಂದಾಗ ನಿಮಗೆ ತೋರಿಸೋದೇ ಇಲ್ಲ, ಹೋಗಿ ಭಾವ!"

ನಿನ್ನೆ ಅವಳ ಗಾಜಿನ ಜಾಡಿ ಬಿರುಕು ಬಿಟ್ಟಿತ್ತು. ಚಿಣ್ಣಿಯೇ ಅಡುಗೆಮನೆಗೆ ಓಡಿ, ಖಾಲಿ ಜ್ಯೂಸ್ ಬಾಟಲಿ ತಂದುಕೊಟ್ಟಿದ್ದಳು.

"ಕುಡಿಯೋ ಬಾಟಲಿಗೆ ಇದನ್ನ ಹಾಕಬಾರದು ಕಣೇ," ಎಂದಿದ್ದಳು ಚಿಕ್ಕಮ್ಮ. ಮತ್ತೆ ಬಿರುಕನ್ನು ನೋಡಿ, "ಒಂದು ದಿನ ತಾನೆ. ನಿಮ್ಮಮ್ಮನಿಗೆ ಹೇಳ್ಬೇಡ," ಎಂದಿದ್ದಳು.

ಈಗ ಚಿಣ್ಣಿ ಮೆಟ್ಟಿಲಿನ ಕಡೆ ತಿರುಗಿ ನೋಡಿದಳು. ಕೂಗಿದರೆ ಅಮ್ಮನಿಗೆ ಎಲ್ಲ ಗೊತ್ತಾಗುತ್ತದೆ. ಮೇಜು, ಬೋರ್ಡು, ಎಲ್ಲ ಗುಜರಿಗೆ ಹೋಗುತ್ತದೆ. ಚಿಕ್ಕಮ್ಮ ಇನ್ನು ಮಾತೇ ಆಡಿಸುವುದಿಲ್ಲ.

"ಕುಡಿದ್ಯಾ? ಸರಿಯಾಗಿ ಹೇಳೋ!"

ಗುಂಡ ತಲೆಯಾಡಿಸಿದ. ಹೌದೋ, ಅಲ್ಲವೋ? ಅವನು ಎಲ್ಲದಕ್ಕೂ ಹಾಗೇ ತಲೆಯಾಡಿಸುತ್ತಿದ್ದ.

"ಅಮ್ಮಾ! ಚಿಕ್ಕಮ್ಮಾ! ಗುಂಡ ಆಸಿಡ್ ಕುಡಿದ!"

ಮೆಟ್ಟಿಲು ಹಾರಿಕೊಂಡು ಮೊದಲು ಬಂದವಳು ಚಿಕ್ಕಮ್ಮ. ಬಾಟಲಿಯ ಕಡೆ ನೋಡಲೂ ಇಲ್ಲ. ಗುಂಡನ ಬಾಯಿ ತೆರೆಸಿ ಮೊಬೈಲ್ ಟಾರ್ಚ್ ಬಿಟ್ಟಳು. ಅವನ ಕೈಗಳ ಮೇಲೆ ಬಕೆಟ್ಟಿನ ನೀರು ಸುರಿದಳು.

ಹಿಂದೆಯೇ ಬಂದ ಅಮ್ಮ ಅವನನ್ನು ಬಾಚಿ ಎತ್ತಿಕೊಂಡಳು.

"ವಾಂತಿ ಮಾಡಿಸಬೇಡ ಅಕ್ಕಾ! ನಡಿ, ಆಸ್ಪತ್ರೆಗೆ!"

ಆಟೋದಲ್ಲಿ ಗುಂಡ ಒಮ್ಮೆ ಕೆಮ್ಮಿದ. ಚಿಣ್ಣಿ ಬಗ್ಗಿ ಅವನ ಮುಖ ನೋಡಿದಳು. ಆಮೇಲೆ ಅವನು ಸುಮ್ಮನಾದ. ಅದರಿಂದ ಅವಳಿಗೆ ಇನ್ನೂ ಭಯವಾಯಿತು.

ಡಾಕ್ಟರು ಅವನ ನಾಲಿಗೆ, ಗಂಟಲು ಎಲ್ಲ ನೋಡಿದರು. ಆಮೇಲೆ ಮೆಲ್ಲಗೆ ಕೇಳಿದರು. "ಜೂಸ್ ನೀನೇ ಕುಡಿದ್ಯಾ, ಯಾರಿಗಾದ್ರೂ ಕೊಟ್ಟ್ಯಾ ಮರಿ?"

"ಆನೆಗೆ."

"ಆನೆನಾ? ಯಾವ ಆನೆ?"

"ತಾರಸಿ ಪೈಪು ಡಾಕ್ಟ್ರೇ," ಎಂದಳು ಚಿಣ್ಣಿ. "ಮಳೆನೀರು ಹೋಗುತ್ತಲ್ಲ, ಅದು. ಅದನ್ನ ಆನೆ ಅಂತಾನೆ."

"ಬಾಯಿ ಚೆನ್ನಾಗಿದೆ. ಕುಡಿದ ಹಾಗೆ ಕಾಣಲ್ಲ. ಆದ್ರೂ ಸಂಜೆವರೆಗೆ ಇಲ್ಲೇ ಇರಲಿ."

ಹೊರಗಿನ ಬೆಂಚಿನ ಹತ್ತಿರ ಅಮ್ಮ ಕೂಗಾಡಲಿಲ್ಲ. ತೀರಾ ಸಣ್ಣ ದನಿಯಲ್ಲಿ ಕೇಳಿದಳು. "ಜ್ಯೂಸ್ ಬಾಟಲಿಗೆ ಅದನ್ನ ಹಾಕಿದ್ದು ಯಾರು?"

"ನಾನು," ಎಂದಳು ಚಿಕ್ಕಮ್ಮ. ಬಾಟಲಿ ತಂದವರು ಯಾರೆಂದು ಹೇಳಲಿಲ್ಲ.

ಚಿಣ್ಣಿ ಅಮ್ಮನ ಮುಂದೆ ಬಂದು ನಿಂತಳು. "ಬಾಟಲಿ ತಂದುಕೊಟ್ಟಿದ್ದು ನಾನಮ್ಮಾ."

ಅಮ್ಮ ಇಬ್ಬರನ್ನೂ ನೋಡಿದಳು. ಆಮೇಲೆ ಗುಂಡನಿದ್ದ ಕೋಣೆಗೆ ಹೋದಳು.

"ಚಿಕ್ಕಮ್ಮಾ, ನಿನ್ನ ಚಿನ್ನ ಎಲ್ಲ ಹೋಯ್ತಲ್ಲ?"

"ಯಾವ ಚಿನ್ನ?" ಎಂದಳು ಚಿಕ್ಕಮ್ಮ.

ಅವಳಿಗೆ ನಿಜಕ್ಕೂ ನೆನಪಿರಲಿಲ್ಲ. ಮಡಿಲಲ್ಲಿ ಅವಳ ಎರಡೂ ಕೈ ಸೆರಗಿನ ತುದಿಯನ್ನು ಹಿಂಡುತ್ತಿದ್ದವು. ಭಯ ತನಗೊಬ್ಬಳಿಗೇ ಎಂದುಕೊಂಡಿದ್ದಳು ಚಿಣ್ಣಿ.

ಅವಳು ಹತ್ತಿರ ಸರಿದು, ಆ ಕೈಗಳ ಮೇಲೆ ತನ್ನ ಕೈ ಇಟ್ಟು, ಕೋಣೆಯ ಬಾಗಿಲನ್ನೇ ನೋಡುತ್ತಾ ಕೂತಳು.