ಹುದ್‌ಹುದ್ ಮುದ್ರೆಯ ಚಾಕು

೧೯೯೬ರ ಜನವರಿ ೧೨, ಶುಕ್ರವಾರ. ಬೆಳಿಗ್ಗೆ ಹತ್ತು ನಲವತ್ತಕ್ಕೆ ಶರಾಫತ್ ಯಾರ್ ಖಾನ್ ರಾಂಪುರದ ಚಾಕು ಬಜಾರಿನ ಠಾಣೆಯ ಮೆಟ್ಟಿಲು ಹತ್ತಿದಾಗ ಅವರ ಕಾಲಲ್ಲಿ ಜೋಡಿರಲಿಲ್ಲ. ಬಜಾರಿನ ಅತಿ ಹಳೆಯ ಚಾಕು ಅಂಗಡಿಯ ಮಾಲೀಕರು, ಅರವತ್ನಾಲ್ಕರ ವಯಸ್ಸು. ಹಿಂದೆ ಮಗ ಇಕ್ರಾರ್ ಹತ್ತಿ ತುಂಬಿದ ದಪ್ಪ ರಜಾಯಿಯೊಂದನ್ನು ಎರಡೂ ಕೈಯಲ್ಲಿ ಹೆಣ ಹೊತ್ತಂತೆ ಹೊತ್ತು ಬಂದ.

“ಏನ್ ಖಾನ್ ಸಾಹೇಬ್ರೇ, ಹೊದಿಕೆ ಸಮೇತ ಬಂದ್ರಿ? ಲಾಕಪ್ಪಲ್ಲಿ ಚಳಿ ಅಂತ ಯಾರು ಹೇಳಿದ್ರು?” ಎಂದ ಪೇದೆ ನಸೀಮ್.

ಶರಾಫತ್ ನಗಲಿಲ್ಲ. “ಒಳಗಿದೆ. ಕೈ ಹಾಕ್ಬೇಡ. ಬಿಚ್ಚೇ ಇದೆ.”

ಇನ್ಸ್‌ಪೆಕ್ಟರ್ ಸತ್ಯಪಾಲ್ ತ್ಯಾಗಿ ರಜಾಯಿಯನ್ನು ಮೇಜಿನ ಮೇಲೆ ಹರಡಿಸಿದರು. ನಡುಭಾಗದಲ್ಲಿ ಬಟ್ಟೆ ಸೀಳಿ ಉಕ್ಕಿನ ಮೊನೆ ಅರ್ಧ ಬೆರಳಿನಷ್ಟು ಹೊರಗೆ ಇಣುಕಿತ್ತು. ಅಂದು ಬೆಳಿಗ್ಗೆ ಸೊಸೆ ಜೇಬುನ್ನಿಸಾ ರಜಾಯಿಯನ್ನು ಮಹಡಿಯ ಬಿಸಿಲಿಗೆ ಹಾಕಿ ಕೋಲಿನಿಂದ ಬಡಿದಾಗ ಅದು ಹೊರಬಿದ್ದಿತ್ತು. ಆ ರಜಾಯಿಯ ಕೆಳಗೆ ಶರಾಫತ್ ಒಂಬತ್ತು ರಾತ್ರಿ ಮಲಗಿದ್ದರು. ಮೊನೆ ಇದ್ದದ್ದು ಎದೆಯ ನೇರಕ್ಕೆ.

“ಇದೇ ಮೊದಲನೇದಾ?”

“ಮೂರನೇದು. ಒಂದನೇ ತಾರೀಖು ಅಂಗಡಿ ಬಾಗಿಲಲ್ಲಿ ಒಂದಿತ್ತು. ಹೋದ ಶುಕ್ರವಾರ ನಮಾಜ್ ಮುಗಿಸಿ ಬಂದ್ರೆ ಜೋಡಿನೊಳಗೆ ಇನ್ನೊಂದು. ಅವತ್ತಿಂದ ಜೋಡೇ ಮೆಟ್ಟಿಲ್ಲ.”

“ಆಗ್ಲೇ ಯಾಕೆ ಬರ್ಲಿಲ್ಲ?”

“ಚಾಕು ಮಾರೋನು ಚಾಕು ಕಂಡು ಹೆದರ್ದ ಅಂದ್ರೆ ಬಜಾರು ನಗಲ್ವಾ, ದರೋಗಾ ಸಾಹೇಬ್ರೇ?”

ಅನಾಮಧೇಯ ಬೆದರಿಕೆಯೆಂದು ಎಫ್‌ಐಆರ್ ದಾಖಲಾಯಿತು. ಇಬ್ಬರು ಪಂಚರ ಮುಂದೆ ನಸೀಮ್ ಪಂಚನಾಮೆ ಬರೆದ: ಹಿತ್ತಾಳೆ ಹಿಡಿಯ ಮಡಿಸುವ ಚಾಕು, ಅಲಗು ಐದು ಇಂಚು, ಬುಡದಲ್ಲಿ ಆರು ಹಲ್ಲು, ಅಲಗಿನ ಮೇಲೆ ಜುಟ್ಟಿನ ಹಕ್ಕಿಯ ಮುದ್ರೆ. ತ್ಯಾಗಿ ಅದನ್ನು ಮಡಿಸಿ ಮತ್ತೆ ಬಿಚ್ಚಿದರು. ಕಿರ್, ಕಿರ್, ಕಿರ್... ಆರು ಸಲ. ಪ್ರತಿ ಸದ್ದಿಗೂ ಶರಾಫತರ ಹೆಗಲು ಒಂದಿಷ್ಟು ಕುಗ್ಗಿತು.

“ಹುದ್‌ಹುದ್ ಹಕ್ಕಿ,” ಎಂದರು ಅವರು. “ನಮ್ಮಂಗಡೀದೇ ಮಾಲು. ಎಂಬತ್ತೈದರಲ್ಲೇ ಮಾಡೋದು ನಿಲ್ಲಿಸ್ದೆ. ಕೊನೇ ಚಾಕು ಮಾರಿ ಹತ್ತು ವರ್ಷದ ಮೇಲಾಯ್ತು. ಎಲ್ಲಿಂದ ಬರ್ತಿದೆ ಇದು?”

ಅದೇ ಮಧ್ಯಾಹ್ನ ತ್ಯಾಗಿ ಮತ್ತು ನಸೀಮ್ ಉಳಿದೆರಡನ್ನೂ ಅಂಗಡಿಯಿಂದ ತರಿಸಿಕೊಂಡು ಮೂರೂ ಚಾಕುಗಳೊಂದಿಗೆ ಬುಂದೂ ಮಿಯಾಂ ಮನೆಗೆ ಹೋದರು. ಚಾಕುವಿನ ಹಲ್ಲನ್ನು ಅರದಿಂದ ತೀಡುವುದರಲ್ಲೇ ಐವತ್ತು ವರ್ಷ ಕಳೆದ ಮುದುಕ. ಈಗ ಕಣ್ಣು ಮಂಜು. ಅವನು ನೋಡಲಿಲ್ಲ, ಅಲಗಿನ ಮೇಲೆ ಹೆಬ್ಬೆರಳು ಆಡಿಸಿದ, ಕಿವಿಯ ಹತ್ತಿರ ಹಿಡಿದು ಬಿಚ್ಚಿದ, ಮೂಸಿದ.

“ಹಳೇದಲ್ಲ. ಸಾಣೆ ಹಿಡಿದು ತಿಂಗಳಾಗಿಲ್ಲ.”

“ಯಾರ ಕೆಲಸ ಚಚಾ?”

ಮುದುಕ ಎರಡನೆಯ ಚಾಕುವನ್ನೂ ಹಾಗೆಯೇ ಮುಟ್ಟಿದ. ಮೂರನೆಯದನ್ನು ಮುಟ್ಟುವಾಗ ಅವನ ಕೈ ನಿಂತಿತು. “ಎಡಗಡೆಯಿಂದ ಸಾಣೆಗೆ ಕೊಟ್ಟಿದ್ದಾರೆ. ಈ ಊರಲ್ಲಿ ಹಾಗೆ ಕೊಡ್ತಿದ್ದೋನು ಒಬ್ನೇ. ಹುದ್‌ಹುದ್ ಮಾಡ್ತಿದ್ದ ಉಸ್ತಾದ್ ಹಬೀಬುಲ್ಲಾ.”

“ಮನೆ ಎಲ್ಲಿ?”

“ಕಬರಸ್ತಾನದಲ್ಲಿ. ಎಂಬತ್ತಾರರಲ್ಲಿ ನಾನೇ ಮಣ್ಣು ಹಾಕಿ ಬಂದೆ.” ಮುದುಕ ಚಾಕುಗಳನ್ನು ದೂರ ತಳ್ಳಿದ. “ಇವನ್ನ ಇಲ್ಲಿಂದ ತಗೊಂಡ್ ಹೋಗಿ ಸಾಹೇಬ್. ಮನೇಲಿ ಬಸುರಿ ಹೆಂಗಸಿದ್ದಾಳೆ.”

ಗಲ್ಲಿಗೆ ಇಳಿದ ಮೇಲೆ ನಸೀಮ್ ತೋಳಿನ ತಾಯತ ಮುಟ್ಟಿಕೊಂಡ. “ಸರ್, ಈ ಚೀಲ ನೀವೇ ಹಿಡ್ಕೊಳ್ತೀರಾ?”

“ಸತ್ತೋರು ರಜಾಯಿ ಹೊಲಿಯಲ್ಲ ಕಣೋ,” ಎಂದರು ತ್ಯಾಗಿ. ಆದರೆ ಚೀಲ ತಾವೇ ಹಿಡಿದುಕೊಂಡರು.

ಮರುದಿನ, ಶನಿವಾರ, ಮಧ್ಯಾಹ್ನ ಎರಡೂ ಇಪ್ಪತ್ತಕ್ಕೆ ಠಾಣೆಯ ಫೋನು ಬಡಿದುಕೊಂಡಿತು. ಶರಾಫತರ ಅಂಗಡಿಯಲ್ಲಿ ರಕ್ತ ಬಿದ್ದಿತ್ತು. ಹಿಂದಿನ ರಾತ್ರಿಯಿಡೀ ನಿದ್ದೆಯಿಲ್ಲದ ಮುದುಕರು ಗಲ್ಲಾದಲ್ಲಿ ತೂಕಡಿಸುತ್ತಿದ್ದರು. ಬೆನ್ನ ಹಿಂದೆ ಇಕ್ರಾರ್ ಗಿರಾಕಿಗೆ ತೋರಿಸಲೆಂದು ಯಾವುದೋ ಚಾಕು ಬಿಚ್ಚಿದ. ಕಿರ್ರೆಂದದ್ದೇ ತಡ, ಅಪ್ಪ ಕೈಗೆ ಸಿಕ್ಕಿದ ಅಲಗು ಬೀಸಿದರು. ಮಗನ ಮುಂಗೈ ಮೊಣಕೈವರೆಗೆ ಸೀಳಿತು. ತ್ಯಾಗಿ ಹೋಗುವಷ್ಟರಲ್ಲಿ ಇಕ್ರಾರನನ್ನು ಆಸ್ಪತ್ರೆಗೆ ಒಯ್ದಿದ್ದರು. ಶರಾಫತ್ ಗೋಡೆಗೆ ಬೆನ್ನು ಒತ್ತಿ ಕೂತಿದ್ದರು.

“ಬಂದಿದ್ದ. ಹಬೀಬ್ ಬಂದಿದ್ದ.”

ಹಬೀಬನ ಹೆಸರನ್ನು ಪೊಲೀಸರು ಅವರೆದುರು ಎತ್ತಿರಲಿಲ್ಲ. ತ್ಯಾಗಿ ಸ್ಟೂಲು ಎಳೆದು ಕೂತರು.

“ಹುದ್‌ಹುದ್ ಯಾಕೆ ನಿಲ್ಲಿಸಿದ್ರಿ?”

“ಉಸ್ತಾದನ ಕೈ ನಡುಗ್ತಿತ್ತು. ಮಾಲು ಕೆಡ್ತು. ಹಾಗಂತ ಬೋರ್ಡ್ ಬರೆಸಿ ಹಾಕಿದ್ದೆ, ಬಜಾರಿಗೆಲ್ಲ ಗೊತ್ತು.”

“ಅದು ಬೋರ್ಡಿನ ಮಾತು. ನಿಮ್ಮ ಮಾತು ಹೇಳಿ. ಮಗ ಆಸ್ಪತ್ರೇಲಿದ್ದಾನೆ.”

“ಒಂದ್ಸಲ ಕೊಂಡೋರು ಮತ್ತೆ ಅಂಗಡಿ ಹತ್ತಿರ ಬರ್ತಿರ್ಲಿಲ್ಲ. ಅಜ್ಜ ಕೊಂಡಿದ್ದನ್ನ ಮೊಮ್ಮಗ ಇಟ್ಕೊಂಡಿರ್ತಿದ್ದ. ಒಂದು ಚಾಕುಗೆ ನಾಲ್ಕು ದಿನದ ಕೆಲಸ ಬೇರೆ. ಹೊರಗಿಂದ ಡಜನ್‌ಗಟ್ಟಲೆ ಸಿಗೋವಾಗ ಅದನ್ನ ಯಾಕೆ ಮಾಡಿಸ್ಲಿ? ಚೆನ್ನಾಗಿರೋದನ್ನ ನಿಲ್ಲಿಸ್ದೆ ಅಂದ್ರೆ ಬಜಾರು ಉಗೀತಿತ್ತು.”

“ಹಬೀಬುಲ್ಲಾನಿಗೆ ಗಂಡು ಮಕ್ಕಳು?”

“ಇಲ್ಲ. ಒಬ್ಳೇ ಮಗಳು. ಹೆಸರು ಯಾರಿಗೆ ಗೊತ್ತು?”

ಠಾಣೆಗೆ ಮರಳಿದ ತ್ಯಾಗಿ ರಜಾಯಿಯನ್ನು ಮತ್ತೆ ಹರಡಿ ಅಂಚಿನ ಹೊಲಿಗೆಯನ್ನು ಮಸೂರ ಹಿಡಿದು ನೋಡಿದರು. ಎಲ್ಲೂ ಬಿಚ್ಚಿ ಮತ್ತೆ ಹೊಲಿದ ಗುರುತಿಲ್ಲ. ಅಂದರೆ ಯಾರೂ ಆಮೇಲೆ ಚಾಕು ತೂರಿಸಿಲ್ಲ; ಹತ್ತಿ ತುಂಬುವಾಗಲೇ ಇಟ್ಟಿದ್ದಾರೆ. ಸಂಜೆ ಐದಕ್ಕೆ ಅವರು ಜೇಬುನ್ನಿಸಾಳನ್ನು ಕೇಳಿದರು.

“ಈ ವರ್ಷ ರಜಾಯಿಗೆ ಹತ್ತಿ ತುಂಬಿದ್ದು ಯಾರಮ್ಮ?”

“ಕನೀಜ್ ಆಪಾ. ಹೊಸ ವರ್ಷ ಆದ್ಮೇಲೆ ಎರಡು ದಿನ ನಮ್ಮ ಅಂಗಳದಲ್ಲೇ ಕೂತು ಹೊಲಿದ್ರು. ಒಳ್ಳೆ ಹೆಂಗಸು ಸಾಹೇಬ್. ನನ್ನ ಮಗೂನ ತೊಡೆ ಮೇಲೇ ಮಲಗಿಸ್ಕೊಂಡಿದ್ರು.”

“ಯಾರ ಮಗಳು?”

“ರಜಾಯಿ ಹೊಲಿಯೋಳನ್ನ ಯಾರ ಮಗಳು ಅಂತ ಯಾರು ಕೇಳ್ತಾರೆ?” ಎಂದವಳು ಥಟ್ಟನೆ ಸೆರಗು ಬಾಯಿಗೊತ್ತಿಕೊಂಡಳು. ಮಗು ಮಲಗಿದ್ದ ಅದೇ ತೊಡೆಯ ಪಕ್ಕದಲ್ಲಿ ಏನಿತ್ತೆಂಬುದು ಅವಳಿಗೆ ಆಗ ಹೊಳೆದಿತ್ತು.

ಜನವರಿ ೧೪, ಭಾನುವಾರ, ಬೆಳಿಗ್ಗೆ ಹನ್ನೊಂದು. ಗಲ್ಲಿಯ ಕೊನೆಯ ಒಂದು ಕೋಣೆಯ ಮನೆ. ತ್ಯಾಗಿ, ನಸೀಮರ ಜೊತೆ ಬಂದಿದ್ದ ಮಹಿಳಾ ಪೇದೆ ಬಾಗಿಲು ತಟ್ಟಿದಳು. ತೆರೆದ ಹೆಂಗಸಿಗೆ ಐವತ್ತರ ಆಸುಪಾಸು. ತಲೆಗೂದಲು, ಹುಬ್ಬುಗಳ ತುಂಬ ಹತ್ತಿಯ ಎಳೆ.

“ಬನ್ನಿ,” ಎಂದಳು ಕನೀಜ್, ನೆಂಟರನ್ನು ಕರೆದಂತೆ. “ಇನ್ನೂ ಬೇಗ ಬರ್ತೀರ ಅನ್ಕೊಂಡಿದ್ದೆ.”

ಹತ್ತಿಯ ರಾಶಿಯ ಹಿಂದೆ ಸಾಣೆಚಕ್ರವಿತ್ತು. ಪಕ್ಕದ ಡಬ್ಬಿಯಲ್ಲಿ ಹಕ್ಕಿಯ ಮುದ್ರೆಯ ಅಚ್ಚು. ಅವಳು ಗೂಡಿನೊಳಗೆ ಕೈ ಹಾಕಿ ನಾಲ್ಕನೆಯ ಚಾಕು ತೆಗೆದಳು. ಕಿರ್, ಕಿರ್... ಕೋಣೆ ಚಿಕ್ಕದು, ಅಲಗಿಗೂ ನಸೀಮನ ಹೊಟ್ಟೆಗೂ ನಡುವೆ ಒಂದು ಗೇಣು. ಆರನೆಯ ಸದ್ದಿನ ಮೇಲೆ ಅವಳು ಚಾಕುವನ್ನು ತಿರುಗಿಸಿ, ಹಿಡಿಯನ್ನು ತ್ಯಾಗಿಯವರತ್ತ ಚಾಚಿದಳು.

“ನೋಡಿ ಹೇಳಿ ಸಾಹೇಬ್. ಇದು ನಡುಗೋ ಕೈ ಮಾಡಿದ್ದಾ?”

“ನಿಮ್ಮಪ್ಪನ ಕೈ ನಡುಗ್ತಿರ್ಲಿಲ್ವಾ?”

“ಎಪ್ಪತ್ತೊಂಬತ್ತರಿಂದಲೇ ನಡುಗ್ತಿತ್ತು. ಲೋಟ ಹಿಡಿಯೋಕೂ ಆಗ್ತಿರ್ಲಿಲ್ಲ. ಕೊನೆಯ ಆರು ವರ್ಷದ ಹುದ್‌ಹುದ್ ಎಲ್ಲ ನಾನು ಮಾಡಿದ್ದು. ಅಪ್ಪ ಎಡಗೈಯೋನು, ನನಗೂ ಹಾಗೇ ಕಲಿಸ್ದ. ಹೆಂಗಸು ಮಾಡಿದ್ದು ಅಂದ್ರೆ ಖಾನ್ ಸಾಹೇಬ್ರು ಕೊಳ್ಳಲ್ಲ ಅಂತ ಬಾಯಿ ಮುಚ್ಕೊಂಡಿದ್ವಿ. ಬೋರ್ಡ್ ಹಾಕಿದ ದಿನ ಅಪ್ಪ ನನ್ನ ಕಡೆ ನೋಡ್ದ. ನೀನು ಕೆಡಿಸಿದ್ಯಾ ಅಂತ ಕೇಳ್ದ. ಅದೇ ನೋಟದಲ್ಲೇ ಸತ್ತ.”

“ಆ ಮನುಷ್ಯನ್ನ ಕೊಲ್ಲಬೇಕು ಅಂತಿತ್ತಾ?”

“ಕೊಲ್ಲೋದಾಗಿದ್ರೆ ಒಂದು ಚಾಕು ಸಾಕಿತ್ತಲ್ಲ. ಹತ್ತು ವರ್ಷ ಅಂಗಡಿ ಮುಂದೆ ನಿಂತು ಬೇಡ್ಕೊಂಡೆ, ಆ ಮಾತು ವಾಪಸ್ ತಗೊಳ್ಳಿ ಅಂತ. ಭಿಕ್ಷೆ ಅನ್ಕೊಂಡು ಚಿಲ್ಲರೆ ಹಾಕ್ತಿದ್ರು. ಹೆದರಿದ್ರೆ ನಿಜ ಬಾಯಿಗೆ ಬರುತ್ತೆ ಅನ್ಕೊಂಡೆ.” ಆಮೇಲೆ ಕೇಳಿದಳು, “ಇಕ್ರಾರನ ಕೈ?”

“ಬೆರಳು ಆಡುತ್ತೋ ಇಲ್ವೋ, ಡಾಕ್ಟರಿಗೂ ಗೊತ್ತಿಲ್ಲ.”

ಅವಳು ಹತ್ತಿಯ ರಾಶಿಯ ಮೇಲೆ ಕೂತಳು. ಮಹಿಳಾ ಪೇದೆ ತೋಳು ಹಿಡಿದು ಎಬ್ಬಿಸುವವರೆಗೂ ಏಳಲಿಲ್ಲ.

ಮಧ್ಯಾಹ್ನ ಒಂದಕ್ಕೆ ಠಾಣೆಯಲ್ಲಿ ನಸೀಮ್ ಬಂಧನ ಪತ್ರ ತುಂಬಿ ಓದಿ ಹೇಳಿದ: ಹೆಸರು ಕನೀಜ್ ಬೇಗಂ, ತಂದೆ ದಿವಂಗತ ಹಬೀಬುಲ್ಲಾ, ಕಸುಬು ರಜಾಯಿ ಹೊಲಿಗೆ.

“ಅದು ತಪ್ಪು,” ಎಂದಳು ಅವಳು. “ಚಾಕು ಮಾಡೋಳು ಅಂತ ಬರೀರಿ.”

ತ್ಯಾಗಿ ತಲೆಯೆತ್ತಿದರು. “ಹಾಗೆ ಬರೆದ್ರೆ ಶಸ್ತ್ರ ಕಾಯ್ದೆ ಸೇರುತ್ತೆ ಕನೀಜ್ ಬೀ. ಪರವಾನಗಿ ಇಲ್ದೆ ತಯಾರಿಕೆ. ಬೆದರಿಕೆ ಒಂದೇ ಆದ್ರೆ ಬೇಗ ಮನೆಗೆ ಹೋಗ್ತೀರಿ. ಇದು ಸೇರಿದ್ರೆ ವರ್ಷಗಟ್ಟಲೆ. ಅರ್ಥ ಆಯ್ತಾ?”

“ಆಯ್ತು.”

“ಎಲ್ಲಾದ್ರೂ ಹಳೇದು ಸಿಕ್ತು ಅಂತ ಹೇಳ್ಬಹುದು ನೀವು.”

“ಹಳೇದಲ್ಲ ಸಾಹೇಬ್. ಮಾಡಿ ತಿಂಗಳಾಗಿಲ್ಲ. ಬರೀರಿ.”

ನಸೀಮ್ ಇನ್ಸ್‌ಪೆಕ್ಟರರ ಮುಖ ನೋಡಿದ. ಅವರು ತಲೆಯಾಡಿಸಿದ ಮೇಲೆ ಹಳೆಯ ಅಕ್ಷರಗಳ ಮೇಲೆ ಗೆರೆ ಎಳೆದು ಹೊಸದಾಗಿ ಬರೆದ. ಕನೀಜ್ ಮೇಜಿನ ಮೇಲೆ ಬಾಗಿ, ಓದಲು ಬಾರದಿದ್ದರೂ, ಆ ಸಾಲನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಹೆಬ್ಬೆಟ್ಟು ಒತ್ತಿದಳು.