ನೂರು ಗಜದಾಚೆ

"ಇನ್ನೊಂದ್ಸಲ ಓಡ್ತೀರಾ?"

ನಲ್ಲೂರಿನ ಹುಣಸೆ ತೋಪಿನಲ್ಲಿ, ಉದುರಿದ ಕಾಯಿಗೆ ಬಾಯಿ ಹಾಕಿದ್ದ ಮೇಕೆಯನ್ನು ಅಟ್ಟಿ ಬಂದ ಅಕ್ಕಯಮ್ಮ ಗಕ್ಕನೆ ನಿಂತಳು. ಮರದ ಹಿಂದಿನಿಂದ ಒಬ್ಬ ಯುವಕ ಬಂದ. ಅಂಗೈಯಲ್ಲಿ ದುಂಡನೆಯ ಗಡಿಯಾರ.

"ಯಾರು ನೀವು? ಹೆಣ್ಮಕ್ಕಳು ಓಡೋದ್ನ ಕದ್ದು ನೋಡ್ತೀರಾ?"

"ಸಂಜೀವಪ್ಪ. ದೇವನಹಳ್ಳಿ ಸ್ಕೂಲಿನ ಡ್ರಿಲ್ ಮೇಷ್ಟ್ರು. ನೀವು ಎಷ್ಟು ಜೋರಾಗಿ ಓಡ್ತೀರಿ ಅಂತ ನಿಮಗೇ ಗೊತ್ತಿಲ್ಲ!"

ನೀವು! ಹತ್ತೊಂಬತ್ತು ವರ್ಷದಲ್ಲಿ ಅವಳನ್ನು ಯಾರೂ ಹಾಗೆ ಕರೆದಿರಲಿಲ್ಲ...

ಅವನು ನೂರು ಗಜ ಅಳೆದ. ಅವಳು ಓಡಿದಳು. ಹದಿನಾಲ್ಕು ಸೆಕೆಂಡು. ದೀಪಾವಳಿ ಕಳೆದ ಮೇಲೆ ಬೆಂಗಳೂರಿನಲ್ಲಿ ಹೆಂಗಸರ ಓಟ. ಹದಿಮೂರಕ್ಕೆ ಇಳಿದವರಿಗಷ್ಟೇ ಅಲ್ಲಿ ಜಾಗ ಎಂದ ಅವನು.

"ಇಳಿಸೋದು ಹೆಂಗೆ?" ಎಂದಳು ಅಕ್ಕಯಮ್ಮ. ಅವಳಿಗೆ ಅದೊಂದೇ ಕುತೂಹಲ.

ಅವನ ಬಳಿ ಒಂದು ಇಂಗ್ಲಿಷ್ ಪುಸ್ತಕವಿತ್ತು. ಭಾರ ಎತ್ತಿದರೆ ಹೆಣ್ಣಿನ ಕಾಲು ಬಿಗಿಯುತ್ತದೆ, ಓಟ ನಿಧಾನವಾಗುತ್ತದೆ ಎಂದು ಅದರಲ್ಲಿ ಬರೆದಿತ್ತು. ಮಗಳಿಗೆ ಭಾರದ ಕೆಲಸ ಕೊಡಬೇಡಿ ಎಂದು ಸಂಜೀವಪ್ಪ ಅವಳ ತಾಯಿ ಪಿಳ್ಳಮ್ಮನಿಗೆ ಕೈಮುಗಿದು ಕೇಳಿಕೊಂಡ. ಅಂದಿನಿಂದ ನೀರು ಹೊರುವುದು, ರಾಗಿ ಬೀಸುವುದು ಎಲ್ಲ ತಾಯಿಯ ಪಾಲಿಗೆ ಬಂತು.

"ಏನ್ ಪಿಳ್ಳಮ್ಮ, ಮಗಳನ್ನ ದೇವರ ಥರ ಕೂರಿಸಿಬಿಟ್ಯಲ್ಲ!" ಎಂದು ಪಕ್ಕದ ಮನೆಯ ಮಾರಕ್ಕ ನಕ್ಕಳು.

ತಿಂಗಳಾಯಿತು. ಮತ್ತೆ ಓಟ.

ಹದಿನಾಲ್ಕೂವರೆ!

ಸಂಜೀವಪ್ಪ ಗಡಿಯಾರವನ್ನೇ ನೋಡುತ್ತ ನಿಂತ. "ಬೇಡ ಬಿಡಿ... ಇಲ್ಲಿಗೇ ಸಾಕು" ಎಂದ. ಅವಳ ಮುಖ ನೋಡಲಿಲ್ಲ.

'ಇವರಿಗೆ ಬೇಕಾಗಿದ್ದು ಗಡಿಯಾರದ ಮುಳ್ಳು. ನಾನಲ್ಲ...' ಅಕ್ಕಯಮ್ಮ ತೋಪಿನತ್ತ ಸುಳಿಯುವುದನ್ನೇ ಬಿಟ್ಟಳು.

ಅವಳ ಮನೆಯ ಹೊಲದಲ್ಲಿ ಬಾವಿ ತೋಡುತ್ತಿದ್ದರು. ಅವಳ ಕೋಪವೆಲ್ಲ ಬಿದಿರಿನ ಮಂಕರಿಯ ಮೇಲೆ ತಿರುಗಿತು. ಕಲ್ಲು ತುಂಬಿದ ಮಂಕರಿ ಹೊತ್ತು ಬಾವಿಯ ಮೆಟ್ಟಿಲು ಏರುವುದು, ಸುರಿಯುವುದು, ಮತ್ತೆ ಇಳಿಯುವುದು. ಮೊದಲ ವಾರ ತೊಡೆ ನಡುಗಿತು. ತಿಂಗಳು ದಾಟುವ ಹೊತ್ತಿಗೆ ಒಂದು ವಿಚಿತ್ರ! ಮಂಕರಿ ಇಳಿಸಿ ಹೆಜ್ಜೆ ಹಾಕಿದರೆ ನೆಲವೇ ಅವಳನ್ನು ಮುಂದಕ್ಕೆ ಎಸೆಯುತ್ತಿತ್ತು.

'ಇದು ಬರೀ ನನ್ನ ಭ್ರಮೆಯೇ?'

ತಿಳಿಯದೆ ಇರಲಾಗಲಿಲ್ಲ. ಹುಣ್ಣಿಮೆ ಕಳೆದ ಮರುದಿನ ಬೆಳಿಗ್ಗೆ ಸ್ಕೂಲಿನ ಗೇಟಿನಲ್ಲೇ ಅವನನ್ನು ತಡೆದಳು.

"ಗಡಿಯಾರ ತಗೊಂಡು ತೋಪಿಗೆ ಬನ್ನಿ. ನಿಮಗೋಸ್ಕರ ಅಲ್ಲ. ನನಗೆ ಗೊತ್ತಾಗ್ಬೇಕು."

ಓಡಿದಳು.

ಸಂಜೀವಪ್ಪ ಗಡಿಯಾರವನ್ನು ಕಿವಿಗೆ ಹಿಡಿದು ನೋಡಿದ. "ಇನ್ನೊಂದ್ಸಲ!"

ಮತ್ತೆ ಅಷ್ಟೇ. ಹನ್ನೆರಡೂ ಮುಕ್ಕಾಲು.

"ಏನು ಮಾಡಿದ್ರಿ?"

"ಕಲ್ಲು ಹೊತ್ತೆ. ನಿಮ್ಮ ಪುಸ್ತಕ ಬೇಡ ಅಂದಿದ್ದನ್ನೇ ಮಾಡ್ದೆ."

ಅವನು ಗಡಿಯಾರವನ್ನು ಜೇಬಿಗಿಳಿಸಿದ. ಆಮೇಲೆ ಮೆಲ್ಲಗೆ ಹೇಳಿದ: "ಪುಸ್ತಕ ನಂಬಿ ನಿಮ್ಮ ಕಾಲಿನ ಬಲ ನಾನೇ ತೆಗೆದೆ. ಅವತ್ತು ನಿಮ್ಮ ಮುಖ ಬಾಡಿದ್ದು ನೋಡೋಕಾಗ್ಲಿಲ್ಲ. ಓಟ ಬೇಡ ಅಂದೆ ಅಕ್ಕಯಮ್ಮ... ನೀವೇ ಬೇಡ ಅಂತ ನಾನು ಅನ್ಲಿಲ್ಲ."

ಅವಳ ಎದೆ ಓಡಿದ್ದಕ್ಕಿಂತ ಜೋರಾಗಿ ಹೊಡೆದುಕೊಂಡಿತು.

"ಇದನ್ನ ಅವತ್ತೇ ಹೇಳೋಕೆ ನಾಲಿಗೆ ಬಿದ್ದೋಗಿತ್ತಾ?"

"ಈಗ ಹೇಳ್ತೀನಿ. ನಿಮ್ಮ ಅವ್ವನ ಹತ್ರ ಬಂದು ನಿಮ್ಮನ್ನ ಕೇಳಲಾ?"

"ಈಗ ಬೇಡ! ಮದುವೆ ಹೆಣ್ಣು ಅಂತ ಒಳಗೆ ಕೂರಿಸ್ಬಿಡ್ತಾರೆ. ಬೆಂಗಳೂರಲ್ಲಿ ಓಡಿ ಬಂದ್ಮೇಲೆ ಬನ್ನಿ."

"ಸೋತ್ರೆ?"

"ಸೋತ್ರೂ ಬನ್ನಿ."

ಅವನು ನಕ್ಕ. "ಅಲ್ಲೀತನಕ ನಾನೇನು ಮಾಡ್ಲಿ?"

ಅಕ್ಕಯಮ್ಮ ತಲೆ ತಗ್ಗಿಸಿ, ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು.

"ಭಾನುವಾರ ಬಾವಿ ಹತ್ರ ಬಂದು ಮಂಕರಿ ತುಂಬಿಕೊಡಿ, ಮೇಷ್ಟ್ರೇ... ಕೈ ಬಿಗಿ ಮಾಡ್ಬೇಡಿ. ಜಾಸ್ತಿ ಹಾಕಿ."